ನೆರೆಹೊರೆಯ ಕಾವಲು
(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಡಾವಣೆಯ ಸುರಕ್ಷತೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಮನೆಗಳ್ಳತನ, ಸರಗಳವು, ಬೀದಿಜಗಳ ಇವುಗಳ ಮಾತು ಬಂದಾಗ ನಾವು ಸಾಮಾನ್ಯವಾಗಿ ಪೋಲೀಸರ ಕೊರತೆಯಿಂದ ಆರಂಭಿಸಿ, "ಈ ಕಾಲದಲ್ಲಿ ಯಾರಿಗೆ ಯಾರು?" ಎಂಬ ನಿಟ್ಟುಸಿರಿನಲ್ಲಿ ಮುಗಿಸುತ್ತೇವೆ. ಈ ನಿಟ್ಟುಸಿರು ಎಷ್ಟರ ಮಟ್ಟಿಗೆ ಸತ್ಯವೆಂಬುದನ್ನು ಪರಿಶೀಲಿಸಲು ಜಗತ್ತಿನಲ್ಲೆಲ್ಲ ಹೆಸರಾದ ಒಂದು ಪ್ರಕರಣವನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಅಮೆರಿಕದ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಕ್ಯೂ ಗಾರ್ಡನ್ಸ್ ಎಂಬ ಚಿಕ್ಕ ಬಡಾವಣೆಯಿದೆ. ಮಧ್ಯಮ ವರ್ಗದವರು ನೆಮ್ಮದಿಯಿಂದ ಬಾಳುತ್ತಿದ್ದ ಸ್ಥಳ. 1964ರ ಮಾರ್ಚ್ 13ರ ನಸುಕಿನಲ್ಲಿ, ಸುಮಾರು ಮೂರು ಗಂಟೆಯ ಮೇಲೆ, ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ 28 ವರ್ಷದ ಕಿಟ್ಟಿ ಜೆನೊವೀಸ್ ಎಂಬ ತರುಣಿಯನ್ನು ಅಪರಿಚಿತನೊಬ್ಬನು ಚೂರಿಯಿಂದ ಇರಿದನು. ಎರಡು ವಾರಗಳ ತರುವಾಯ "ನ್ಯೂಯಾರ್ಕ್ ಟೈಮ್ಸ್" ಪತ್ರಿಕೆಯು, 38 ಮಂದಿ ಗೌರವಸ್ಥ ನಾಗರಿಕರು ಅರ್ಧ ಗಂಟೆಗೂ ಹೆಚ್ಚು ಕಾಲ ಈ ಕೊಲೆಯನ್ನು ನೋಡುತ್ತ ನಿಂತರೆಂದೂ, ಹಲ್ಲೆ ನಡೆಯುತ್ತಿದ್ದಾಗ ಒಬ್ಬರೂ ಪೋಲೀಸರನ್ನು ಕರೆಯಲಿಲ್ಲವೆಂದೂ ವರದಿ ಮಾಡಿತು. ಪಟ್ಟಣವಾಸಿಯ ಹೃದಯ ಕಲ್ಲಾಗಿದೆ ಎಂಬುದಕ್ಕೆ ಈ ವರದಿ ದಶಕಗಳ ಕಾಲ ಸಾಕ್ಷಿಯಾಗಿ ನಿಂತಿತು.

ಆದರೆ ಅನಂತರದ ಸಂಶೋಧನೆ ಬೇರೆಯೇ ಚಿತ್ರವನ್ನು ಕೊಟ್ಟಿದೆ. ಚಳಿಗಾಲದ ಆ ಹೊತ್ತಿನಲ್ಲಿ ಹೆಚ್ಚಿನವರು ಕದಮುಚ್ಚಿ ಮಲಗಿದ್ದರು. ಕೆಲವರು ಕೂಗನ್ನು ಮಾತ್ರ ಕೇಳಿ, ಯಾರೋ ಜಗಳವಾಡುತ್ತಿದ್ದಾರೆಂದು ಭಾವಿಸಿದರು. ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟೇ. ಒಬ್ಬರು ಕಿಟಕಿಯಿಂದ ಗದರಿಸಿದಾಗ ಹಂತಕನು ಓಡಿಹೋದನು. ಕೆಲವು ನಿಮಿಷಗಳ ಮೇಲೆ ಮರಳಿ ಬಂದು, ಬೀದಿಗೆ ಕಾಣದ ಕಟ್ಟಡದ ಹಿಂಭಾಗದಲ್ಲಿ ಎರಡನೆಯ ಸಲ ಇರಿದನು. ಕಂಡೂ ಕದವಿಕ್ಕಿಕೊಂಡವರು ಇರಲಿಲ್ಲವೆಂದಲ್ಲ. ಅಂಥವರೂ ಒಬ್ಬಿಬ್ಬರು ಇದ್ದರು. ಆದರೆ ಸೋಫಿಯಾ ಫರಾರ್ ಎಂಬ ನೆರೆಮನೆಯ ಗೃಹಿಣಿ, ಹಂತಕನು ಅಲ್ಲಿಯೇ ಇರುವನೋ ಇಲ್ಲವೋ ತಿಳಿಯದೆಯೇ ಕೆಳಗೆ ಧಾವಿಸಿ, ಸಾಯುತ್ತಿದ್ದ ಆ ಹೆಣ್ಣುಮಗಳನ್ನು ತೋಳಿನಲ್ಲಿ ಹಿಡಿದು ಸಂತೈಸಿದಳು. ಈ ಸಂಗತಿ ಬಹುಕಾಲ ಹೊರಗಿನವರ ಗಮನಕ್ಕೆ ಬರಲಿಲ್ಲ. ಕೊನೆಗೆ 2016ರಲ್ಲಿ ಹಂತಕನು ಸೆರೆಮನೆಯಲ್ಲಿ ತೀರಿಕೊಂಡಾಗ, ತನ್ನ ಹಳೆಯ ವರದಿ ಸಾಕ್ಷಿಗಳ ಸಂಖ್ಯೆಯನ್ನು ಬಹಳವಾಗಿ ಉಬ್ಬಿಸಿತ್ತೆಂದು ಅದೇ ಪತ್ರಿಕೆ ಒಪ್ಪಿಕೊಂಡಿತು.

ಇನ್ನೊಂದು ವಿಷಯವನ್ನು ತಾವು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಈ ಹಂತಕನು ಸಿಕ್ಕಿಬಿದ್ದದ್ದು ಕೊಲೆ ನಡೆದ ಆರನೆಯ ದಿನ, ಮನೆಯೊಂದರಿಂದ ಟೆಲಿವಿಷನ್ ಹೊತ್ತೊಯ್ಯುತ್ತಿದ್ದಾಗ. ಕಂಡ ನೆರೆಯವರು ವಿಚಾರಿಸಿದಾಗ, ಮನೆಯವರು ಬೇರೆಡೆಗೆ ಹೋಗುತ್ತಿದ್ದಾರೆ, ಸಾಮಾನು ಸಾಗಿಸುತ್ತಿದ್ದೇನೆ ಎಂದನು. ಅವರು ಅಷ್ಟಕ್ಕೆ ಸುಮ್ಮನಾಗದೆ ಮತ್ತೊಬ್ಬ ನೆರೆಯವರನ್ನು ಕೇಳಿ, ಅದು ಸುಳ್ಳೆಂದು ತಿಳಿದು, ಅವನ ಕಾರು ಚಲಿಸದಂತೆ ಮಾಡಿ ಪೋಲೀಸರಿಗೆ ತಿಳಿಸಿದರು. ಪಕ್ಕದ ಮನೆಯವರ ಆಗುಹೋಗು ತಿಳಿದಿದ್ದ ಇಬ್ಬರು ಸಾಮಾನ್ಯ ಮನುಷ್ಯರಿಂದ ಕೊಲೆಗಾರನು ಸೆರೆಯಾದನು.

ಈ ಪ್ರಕರಣದಿಂದ ಪ್ರೇರಿತರಾದ ಡಾರ್ಲಿ ಮತ್ತು ಲಟಾನೆ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಒಬ್ಬ ವ್ಯಕ್ತಿ ಮೂರ್ಛೆ ಹೋಗುತ್ತಿರುವ ಶಬ್ದವನ್ನು ತಾನೊಬ್ಬನೇ ಕೇಳುತ್ತಿದ್ದೇನೆಂದು ನಂಬಿದವರಲ್ಲಿ ನೂರಕ್ಕೆ 85 ಮಂದಿ ಒಡನೆ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಎದ್ದವರು 31 ಮಂದಿ ಮಾತ್ರ. ಸುಮ್ಮನಿದ್ದವರು ಕಠಿಣಹೃದಯಿಗಳಾಗಿರಲಿಲ್ಲ, ಬೇರೆ ಯಾರಾದರೂ ನೋಡಿಕೊಂಡಾರು ಎಂದುಕೊಂಡು ತಳಮಳಿಸುತ್ತಿದ್ದರು. ಆದರೆ 2019ರಲ್ಲಿ ಬೆಳಕಿಗೆ ಬಂದ ಇನ್ನೊಂದು ಅಧ್ಯಯನ ಆಶಾದಾಯಕವಾಗಿದೆ. ಆಮ್‌ಸ್ಟರ್‌ಡ್ಯಾಮ್, ಕೇಪ್‌ಟೌನ್ ಮತ್ತು ಇಂಗ್ಲೆಂಡಿನ ಲ್ಯಾಂಕಾಸ್ಟರ್ ಪಟ್ಟಣಗಳ ಕ್ಯಾಮರಾಗಳಲ್ಲಿ ದಾಖಲಾದ 219 ಬೀದಿಜಗಳಗಳನ್ನು ಪರೀಕ್ಷಿಸಿದಾಗ, ಹತ್ತರಲ್ಲಿ ಒಂಬತ್ತು ಸಲ ದಾರಿಹೋಕರೊಬ್ಬರಾದರೂ ನಡುವೆ ಬಂದು ಬಿಡಿಸಲು ಯತ್ನಿಸಿದ್ದು ಕಂಡುಬಂದಿತು. "ಯಾರಿಗೆ ಯಾರು?" ಎಂಬ ನಮ್ಮ ನಿಟ್ಟುಸಿರು ಪೂರ್ತಿ ಸತ್ಯವಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ಮೊದಲನೆಯದಾಗಿ, ಬೇರೆಯವರು ತಿಳಿಸಿರಬಹುದೆಂದು ಊಹಿಸದೆ, ಕಂಡವರು ತಾವೇ ತಿಳಿಸಬೇಕು. 1964ರ ನ್ಯೂಯಾರ್ಕಿನಲ್ಲಿ ತುರ್ತು ಕರೆಗೆ 911 ಎಂಬ ಸಂಖ್ಯೆಯೇ ಇರಲಿಲ್ಲ. ಅದು ಬಂದದ್ದು 1968ರಲ್ಲಿ. ನಮಗಾದರೋ ಇಂದು 112 ಎಂಬ ಒಂದೇ ಸಂಖ್ಯೆಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದೇ ದಿನ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸರಗಳವಿನಂಥ ಕಸಿದೋಟವನ್ನು ಪ್ರತ್ಯೇಕ ಅಪರಾಧವೆಂದು 304ನೆಯ ಕಲಮಿನಲ್ಲಿ ಪರಿಗಣಿಸಿದೆ. ರಸ್ತೆಯಲ್ಲಿ ಗಾಯಗೊಂಡವರಿಗೆ ನೆರವಾದವರನ್ನು ಹೆಸರು ಹೇಳೆಂದು ಒತ್ತಾಯಿಸಬಾರದೆಂದು 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ ಕಲಮಿನಡಿ ರಚಿಸಿದ ನಿಯಮಗಳು ಹೇಳುತ್ತವೆ. ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕವನನ್ನು ಎತ್ತಿಕೊಂಡ ಸಮಾರ್ಯದವನ ಹೆಸರೇ ಆ ರಕ್ಷಣೆಗೆ ಇದೆಯೆಂಬುದು ತಮಗೆ ಗೊತ್ತಿರಬಹುದು.

ಎರಡನೆಯದಾಗಿ, ಒಂಟಿಯಾಗಿರುವ ವೃದ್ಧರು ಯಾರು, ಊರಿಗೆ ಹೋದವರು ಯಾರು, ಯಾವ ಬೀದಿದೀಪ ಕೆಟ್ಟಿದೆ, ಇವು ಅಕ್ಕಪಕ್ಕದವರಿಗೆ ತಿಳಿದಿರಬೇಕು. ಕಾವಲು ಎಂದರೆ ಮೊದಲು ಈ ಪರಿಚಯ. ಬೀಗ, ಕ್ಯಾಮರಾಗಳು ಅದರ ತರುವಾಯದವು.

ಮೂರನೆಯದು ಒಂದು ಎಚ್ಚರಿಕೆ. ಕಾವಲು ಸಂಶಯವಾಗಿ ತಿರುಗಬಾರದು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳರ ಸುಳ್ಳು ವದಂತಿಯನ್ನು ನಂಬಿದ ಗುಂಪೊಂದು, ರಾಜಸ್ಥಾನದಿಂದ ಕೆಲಸ ಅರಸಿ ಬಂದಿದ್ದ ತರುಣನನ್ನು ಹಗ್ಗದಿಂದ ಕಟ್ಟಿ ಹೊಡೆದು ಕೊಂದಿತು. ಅಲ್ಲಿಯೂ ಜನರು ತಮ್ಮ ಬಡಾವಣೆಯನ್ನು ಕಾಯುತ್ತಿದ್ದೇವೆಂದೇ ತಿಳಿದಿದ್ದರು. ಕ್ವೀನ್ಸ್‌ನ ಆ ಇಬ್ಬರು ವಿಚಾರಿಸಿದರು, ಖಚಿತಪಡಿಸಿಕೊಂಡರು, ಪೋಲೀಸರಿಗೆ ತಿಳಿಸಿದರು. ಯಾರ ಮೇಲೂ ಕೈಮಾಡಲಿಲ್ಲ. ನಮ್ಮ ಬೀದಿಗಳಲ್ಲಿ ತಳ್ಳುಗಾಡಿ ನೂಕುವವರು, ಕಟ್ಟಡ ಕೆಲಸಕ್ಕೆ ದೂರದಿಂದ ಬಂದವರು, ಚಿಂದಿ ಆಯುವವರು ಇವರೂ ನಮ್ಮ ನೆರೆಯವರೇ. ಅವರ ಹೆಸರನ್ನು ನಾವು ತಿಳಿದಿದ್ದರೆ ಅವರಿಗೂ ಕ್ಷೇಮ, ನಮಗೂ ಕ್ಷೇಮ.

ನೂರು ವರ್ಷಗಳಿಂದ ಈ ದೇವಾಲಯದ ಗಂಟೆ ಕೇಳುವಷ್ಟು ದೂರದಲ್ಲಿ ಕೂಡಿ ಬಾಳಿದವರು ನಾವು. ಈ ಶತಮಾನೋತ್ಸವದ ವರ್ಷದಲ್ಲಿ ಪ್ರತಿಯೊಂದು ಕುಟುಂಬವೂ, ಮತಭೇದವೆಣಿಸದೆ, ಇದುವರೆಗೆ ಮಾತನಾಡಿಸದ ಎರಡು ಮನೆಗಳ ಪರಿಚಯ ಮಾಡಿಕೊಳ್ಳಲೆಂದು ಬಿನ್ನವಿಸಿಕೊಳ್ಳುತ್ತೇನೆ.