ಒಂದು ಡಿಸ್ಕಿಗೆ ಎರಡು ಡ್ರೈವರ್

ಡ್ರೈವರ್ ಎಂದೊಡನೆ ನಿಮಗೆ ಬಸ್ಸಿನ ಡ್ರೈವರ್ ನೆನಪಾಗುವುದು ಸಹಜ. ಕಂಪ್ಯೂಟರಿನೊಳಗೂ ಡ್ರೈವರುಗಳಿವೆ. ಅವು ಮಾಡುವ ಕೆಲಸವೇನು, ಒಂದೇ ಸಾಧನಕ್ಕೆ ಎರಡು ಡ್ರೈವರುಗಳಿದ್ದರೆ ಆರಿಸುವುದು ಹೇಗೆ ಎಂಬುದನ್ನು ಇಂದು ನೋಡೋಣ.

ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಕರ್ನಲ್ ಎನ್ನುತ್ತಾರೆ. ನೀವು ಬರೆದ ಪ್ರಬಂಧವನ್ನು ಡಿಸ್ಕಿನಲ್ಲಿ ಉಳಿಸುವುದು, ಪರದೆಯ ಮೇಲೆ ಅಕ್ಷರ ಮೂಡಿಸುವುದು, ಎಲ್ಲವೂ ಕರ್ನಲ್‌ನ ಮೂಲಕವೇ ನಡೆಯಬೇಕು. ಆದರೆ ಒಂದೊಂದು ಚಿಪ್ಪಿನ ಭಾಷೆ ಒಂದೊಂದು. ಆ ಭಾಷೆಯನ್ನು ಬಲ್ಲ ದುಭಾಷಿಯೇ ಡ್ರೈವರ್. ದುಭಾಷಿ ಇಲ್ಲದಿದ್ದರೆ ಸಾಧನ ಎಷ್ಟು ಬೆಲೆಬಾಳುವುದಾದರೂ ಮೂಕವೇ.

ಇದನ್ನು ತೆರೆದು ನೋಡಲು ಒಳ್ಳೆಯ ಉದಾಹರಣೆ ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನುಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ಕರ್ನಲ್‌ನ ಮೂಲ ಬರಹ ಎಲ್ಲರಿಗೂ ಮುಕ್ತ. ಅದನ್ನು ನಿಮ್ಮ ಯಂತ್ರಕ್ಕೆ ಹೊಂದಿಸಿಕೊಳ್ಳಲು 'ಮೇಕ್ ಮೆನುಕಾನ್ಫಿಗ್' ಎಂಬ ಆಜ್ಞೆ ಕೊಟ್ಟರೆ ಉದ್ದನೆಯ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಬಹುತೇಕ ಡ್ರೈವರುಗಳ ಮುಂದೆ ನೀವು ಮೂರರಲ್ಲಿ ಒಂದು ಉತ್ತರ ಕೊಡಬಹುದು. 'ವೈ' ಎಂದರೆ ಡ್ರೈವರ್ ಕರ್ನಲ್‌ನೊಳಗೇ ಸೇರಿಕೊಳ್ಳುತ್ತದೆ. 'ಎಂ' ಎಂದರೆ ಬೇರೆ ಕಡತವಾಗಿ ಡಿಸ್ಕಿನಲ್ಲಿದ್ದು, ಬೇಕಾದಾಗ ಬಂದು ಸೇರುತ್ತದೆ. ಇದನ್ನು ಮಾಡ್ಯೂಲ್ ಎನ್ನುತ್ತಾರೆ. 'ಎನ್' ಎಂದರೆ ಬೇಡ.

ಇಲ್ಲಿ ಒಂದು ಚಮತ್ಕಾರವಿದೆ. ಡಿಸ್ಕಿನ ಡ್ರೈವರನ್ನೇ ಮಾಡ್ಯೂಲ್ ಮಾಡಿದಿರಿ ಎನ್ನಿ. ಆ ಮಾಡ್ಯೂಲ್ ಇರುವುದು ಡಿಸ್ಕಿನಲ್ಲಿ. ಡಿಸ್ಕನ್ನು ಓದಲು ಬೇಕಾದದ್ದು ಆ ಮಾಡ್ಯೂಲ್! ಬೀಗದ ಕೈಯನ್ನು ಮನೆಯೊಳಗೇ ಬಿಟ್ಟು ಬಾಗಿಲು ಹಾಕಿಕೊಂಡ ಹಾಗಾಯಿತು. ಆದ್ದರಿಂದಲೇ ಅಗತ್ಯ ಮಾಡ್ಯೂಲುಗಳ ಒಂದು ಪುಟ್ಟ ಗಂಟನ್ನು ಕರ್ನಲ್‌ನ ಜೊತೆಯಲ್ಲೇ ಸ್ಮರಣೆಗೆ ತುಂಬಿಸುತ್ತಾರೆ. ಇದಕ್ಕೆ ಇನಿಟ್‌ರಾಮ್‌ಎಫ್‌ಎಸ್ ಎಂದು ಹೆಸರು.

ಈಗ ಎರಡು ಡ್ರೈವರುಗಳ ಪ್ರಶ್ನೆಗೆ ಬರೋಣ. ಲಿನಕ್ಸ್‌ನಲ್ಲಿ ಐಡಿಇ ಡಿಸ್ಕುಗಳನ್ನು ನಡೆಸಲು ಮೊದಲಿನಿಂದ ಒಂದು ಡ್ರೈವರ್ ಗುಂಪಿತ್ತು. ಮುಂದೆ ಸಾಟಾ ಡಿಸ್ಕುಗಳಿಗಾಗಿ ಲಿಬ್‌ಎಟಿಎ ಎಂಬ ಹೊಸ ಗುಂಪು ಬಂತು. 2006ರ ನವೆಂಬರಿನಲ್ಲಿ ಹೊರಬಂದ 2.6.19ನೆಯ ಆವೃತ್ತಿಯಲ್ಲಿ ಈ ಹೊಸ ಗುಂಪಿಗೆ ಹಳೆಯ ಐಡಿಇ ಡಿಸ್ಕುಗಳ ಡ್ರೈವರುಗಳೂ ಸೇರಿದವು. ಹೀಗೆ ಒಂದೇ ಡಿಸ್ಕಿಗೆ ಎರಡು ದುಭಾಷಿಗಳಾದರು. ಎರಡನ್ನೂ ಒಟ್ಟಿಗೆ ಇಟ್ಟರೆ ಮೊದಲು ಹಿಡಿದುಕೊಂಡದ್ದಕ್ಕೆ ಸಾಧನ ಸಿಗುತ್ತದೆ, ಇನ್ನೊಂದು ಸುಮ್ಮನಿರಬೇಕು. ಇವೆರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿತ್ತು. ಹಳೆಯದು ಡಿಸ್ಕನ್ನು 'ಎಚ್‌ಡಿಎ' ಎಂದು ಕರೆದರೆ ಹೊಸದು 'ಎಸ್‌ಡಿಎ' ಎಂದು ಕರೆಯುತ್ತಿತ್ತು.

ಒಂದಕ್ಷರದ ವ್ಯತ್ಯಾಸ ತಾನೇ ಎನ್ನಬೇಡಿ. 2008ರಲ್ಲಿ ನಾನು ಒಂದು ಕಚೇರಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಹಿರಿಯ ಅಧ್ಯಾಪಕರೊಬ್ಬರ ಸಂದರ್ಶನದ ಧ್ವನಿಮುದ್ರಣ ಅಲ್ಲಿನ ಕಂಪ್ಯೂಟರಿನಲ್ಲಿತ್ತು. ಅದಕ್ಕೆ ಬೇರೆ ಪ್ರತಿ ಇರಲಿಲ್ಲ. ಮರುದಿನ ಬೆಳಿಗ್ಗೆ ಅದನ್ನು ಒಪ್ಪಿಸಬೇಕಿತ್ತು. ಹಿಂದಿನ ಸಂಜೆ ನನಗೆ ಹುಮ್ಮಸ್ಸು ಬಂದು ಹೊಸ ಡ್ರೈವರಿಗೆ 'ವೈ', ಹಳೆಯದಕ್ಕೆ 'ಎನ್' ಎಂದು ಬರೆದು ಕರ್ನಲ್ ಕಟ್ಟಿದೆ. ಹಳೆಯ ಕರ್ನಲ್‌ನ ಮೇಲೆಯೇ ಹೊಸದನ್ನು ಇಟ್ಟುಬಿಟ್ಟೆ. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಪರದೆಯ ಮೇಲೆ ಬಂದದ್ದು 'ಕರ್ನಲ್ ಪ್ಯಾನಿಕ್'! ಡಿಸ್ಕೇ ಸತ್ತಿತೆಂದು ನನ್ನ ಕೈಕಾಲು ತಣ್ಣಗಾದವು.

ರಾತ್ರಿ ಎಂಟರ ಹೊತ್ತಿಗೆ ಹಿರಿಯ ಸಹೋದ್ಯೋಗಿಯೊಬ್ಬರು ಬಂದು, "ಗಾಬರಿ ಆಗಬೇಡಪ್ಪಾ, ಮೊದಲು ಸಿ.ಡಿ.ಯಿಂದ ಎಬ್ಬಿಸಿ ನೋಡು" ಎಂದರು. ಸಿ.ಡಿ.ಯಲ್ಲಿದ್ದ ಲಿನಕ್ಸ್ ಡಿಸ್ಕನ್ನು ಸರಿಯಾಗಿ ಓದಿತು, ಧ್ವನಿಮುದ್ರಣ ಕ್ಷೇಮವಾಗಿತ್ತು. ಆದರೆ ಡಿಸ್ಕಿನ ಹೆಸರು ಮಾತ್ರ 'ಎಸ್‌ಡಿಎ'! ಆಗ ತಪ್ಪು ಹೊಳೆಯಿತು. ನನ್ನ ಹೊಸ ಡ್ರೈವರ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಆದರೆ ಯಂತ್ರವನ್ನು ಎಬ್ಬಿಸುವ ಪಟ್ಟಿಯಲ್ಲಿ ನಾನು ಹಳೆಯ ಹೆಸರನ್ನೇ ಉಳಿಸಿದ್ದೆ. ಮನೆ ನಂಬರು ಬದಲಾದ ಮೇಲೂ ಹಳೆಯ ವಿಳಾಸಕ್ಕೇ ಕಾಗದ ಹಾಕಿದ ಹಾಗೆ. ಆ ಪಟ್ಟಿಯಲ್ಲೂ 'ಎಫ್‌ಎಸ್‌ಟ್ಯಾಬ್' ಎಂಬ ಕಡತದಲ್ಲೂ ಹೆಸರು ತಿದ್ದಿದ ಕೂಡಲೇ ಯಂತ್ರ ಎದ್ದಿತು.

ಈ ಘಟನೆಯಿಂದ ನಾನು ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ. ಒಂದು, ಡ್ರೈವರ್ ಬದಲಿಸುವ ಮುನ್ನ ಅದನ್ನು ನಂಬಿಕೊಂಡಿರುವ ಉಳಿದ ಕಡತಗಳಾವುವು ಎಂದು ನೋಡಿ. ಎರಡು, ಹೊಸ ಕರ್ನಲ್ ನಾಲ್ಕು ದಿನ ಸರಿಯಾಗಿ ನಡೆಯುವವರೆಗೆ ಹಳೆಯದನ್ನು ಅಳಿಸಬೇಡಿ. ಎರಡೂ ಪಟ್ಟಿಯಲ್ಲಿದ್ದರೆ ಎಡವಿದರೂ ಹಿಂದಿರುಗಲು ದಾರಿ ಇರುತ್ತದೆ. ಮೂರು, ಬೇರೆ ಪ್ರತಿ ಇಲ್ಲದ ವಸ್ತು ಇರುವ ಯಂತ್ರ ಪ್ರಯೋಗಶಾಲೆಯಲ್ಲ.

ಹಳೆಯ ಐಡಿಇ ಡ್ರೈವರುಗಳನ್ನು 2021ರಲ್ಲಿ ಬಂದ 5.14ನೆಯ ಆವೃತ್ತಿಯಲ್ಲಿ ಕರ್ನಲ್‌ನಿಂದ ತೆಗೆದುಹಾಕಲಾಯಿತು. ಇಂದು ಅನೇಕ ಲಿನಕ್ಸ್ ವ್ಯವಸ್ಥೆಗಳು ಡಿಸ್ಕಿನ ಭಾಗಗಳನ್ನು ಇಂಥ ಹೆಸರುಗಳಿಂದಲ್ಲದೆ ಯುಯುಐಡಿ ಎಂಬ 128 ಬಿಟ್‌ಗಳ ಗುರುತುಸಂಖ್ಯೆಯಿಂದ ಹುಡುಕುತ್ತವೆ. ಡ್ರೈವರ್ ಬದಲಾದರೂ ಈ ಗುರುತು ಬದಲಾಗದು. ಆದರೆ ಎರಡು ಡ್ರೈವರುಗಳ ಪ್ರಶ್ನೆ ಮುಗಿದಿಲ್ಲ. ಎನ್ವಿಡಿಯಾ ಚಿತ್ರಕಾರ್ಡುಗಳಿಗೆ ಆ ಕಂಪನಿಯದೇ ಡ್ರೈವರ್ ಒಂದು, ಸ್ವಯಂಸೇವಕರು ಆರಂಭಿಸಿದ ನೂವೋ ಇನ್ನೊಂದು.

ನಿಮ್ಮ ಕಾಲೇಜಿನಲ್ಲಿ ಲಿನಕ್ಸ್ ಯಂತ್ರವಿದ್ದರೆ, ಅಧ್ಯಾಪಕರನ್ನು ಕೇಳಿಕೊಂಡು 'ಎಲ್‌ಎಸ್‌ಪಿಸಿಐ' ಎಂಬ ಆಜ್ಞೆಯನ್ನು 'ಮೈನಸ್ ಕೆ' ಸೇರಿಸಿ ಕೊಟ್ಟು ನೋಡಿ. ಯಾವ ಸಾಧನವನ್ನು ಯಾವ ಡ್ರೈವರ್ ನಡೆಸುತ್ತಿದೆ ಎಂದು ಅದು ತೋರಿಸುತ್ತದೆ. ಬರೀ ನೋಡುವುದರಿಂದ ಏನೂ ಕೆಡುವುದಿಲ್ಲ. ಮೊದಲು ನೋಡಿ, ಬರೆದಿಟ್ಟುಕೊಳ್ಳಿ, ಬದಲಿಸುವುದು ಆಮೇಲೆ.