ಹೃದಯಕ್ಕೆ ಅನ್ನವೀಯುವ ನಾಳ

(ಶ್ರೀಮಠದ ಮಹೋತ್ಸವದ ಅಂಗವಾಗಿ ಬಣಕಲ್ಲಿನಲ್ಲಿ ಮಾಡಿದ ಉಪನ್ಯಾಸ)



ಹೃದಯವೆಂಬ ಮಾತು ಈ ಸಭೆಯಲ್ಲಿ ಬೆಳಗಿನಿಂದ ಹಲವು ಸಲ ಕೇಳಿಬಂದಿತು. ದಯೆಗೆ ನೆಲೆಯಾದ ಹೃದಯವನ್ನು ಕುರಿತು ಹೇಳಬಲ್ಲವರು ವೇದಿಕೆಯ ಮೇಲಿದ್ದಾರೆ. ವೈದ್ಯನಾದ ನನ್ನ ಪಾಲಿಗೆ ಬಂದುದು ಮುಷ್ಟಿಯ ಗಾತ್ರದ ಮಾಂಸಮಯವಾದ ಹೃದಯ. ಅದರಲ್ಲಿಯೂ ಅದಕ್ಕೆ ಅನ್ನವೀಯುವ ಒಂದು ನಾಳವನ್ನು ಕುರಿತೇ ಕೆಲವು ಮಾತುಗಳನ್ನು ಅರಿಕೆಮಾಡುವೆನು. ಘಟ್ಟದ ನೆತ್ತಿಯಲ್ಲಿ ವಾಸಿಸುವ ನಮಗೆ ಈ ತಿಳಿವಳಿಕೆ ಏತಕ್ಕೆ ಬೇಕೆಂಬುದು ಕೊನೆಯಲ್ಲಿ ತಮಗೇ ವಿದಿತವಾಗುವುದು.

ಹೃದಯವು ದಿನವೊಂದಕ್ಕೆ ಸುಮಾರು 1 ಲಕ್ಷ ಸಲ ಮಿಡಿಯುತ್ತದೆ. ನಾವು ಸುಮ್ಮನೆ ಕುಳಿತಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರಿನಷ್ಟು ರಕ್ತವನ್ನು ದೇಹಕ್ಕೆ ಹಂಚುತ್ತದೆ. ಹೀಗೆ ಸದಾ ರಕ್ತದಿಂದ ತುಂಬಿರುವ ಈ ಅಂಗಕ್ಕೆ ರಕ್ತದ ಕೊರತೆಯುಂಟಾಗುವುದೆಂತು ಎಂದು ತಾವು ಕೇಳಬಹುದು. ತೋಟದ ಅಂಚಿನಲ್ಲಿಯೇ ಹೊಳೆ ಹರಿಯುತ್ತಿದ್ದರೂ, ಕಾಫಿ ಹೂವರಳಬೇಕಾದ ಕಾಲದಲ್ಲಿ ಮಳೆ ಬಾರದಿದ್ದರೆ ಕೊಳವೆಯ ಮೂಲಕವೇ ಗಿಡಗಳಿಗೆ ನೀರುಣಿಸಬೇಕಲ್ಲವೇ? ಹೃದಯದ ಸ್ಥಿತಿಯೂ ಅಂತಹುದೇ. ತನ್ನ ಕೋಣೆಗಳಲ್ಲಿ ಹರಿದುಹೋಗುವ ರಕ್ತದಿಂದ ಅದರ ದಪ್ಪನಾದ ಗೋಡೆಗೆ ಪೋಷಣೆ ದೊರೆಯದು. ಒಳಮೈಯ ಅತಿ ತೆಳುವಾದ ಪದರವೊಂದು ಮಾತ್ರ ನೆನೆದೀತು. ಉಳಿದ ಗೋಡೆಗೆ ಹೊರಮೈಯಿಂದ ಬರುವ ನಾಳಗಳೇ ಗತಿ.

ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಯು ಹೊರಡುತ್ತದೆ. ಅದರ ಬುಡದಲ್ಲಿರುವ ಮೂರೆಸಳಿನ ಕವಾಟದ ಸ್ವಲ್ಪ ಮೇಲೆಯೇ ಬಲಕ್ಕೊಂದು, ಎಡಕ್ಕೊಂದು ಕವಲೊಡೆಯುತ್ತವೆ. ಹೃದಯವನ್ನು ಕಿರೀಟದಂತೆ ಬಳಸಿರುವುದರಿಂದ ಇವುಗಳಿಗೆ ಕಿರೀಟಧಮನಿಗಳೆಂದು ಹೆಸರು. ಮಹಾಪಧಮನಿಯ ಮೊತ್ತಮೊದಲ ಕವಲುಗಳು ಇವೇ. ಆದಾಗ್ಯೂ, ವಿಶ್ರಾಂತಿಯ ಕಾಲದಲ್ಲಿ ಇವು ಪಡೆಯುವುದು ಒಟ್ಟು ರಕ್ತದಲ್ಲಿ ಸುಮಾರು 100ಕ್ಕೆ 5 ಪಾಲು ಮಾತ್ರ. ಎಡಗವಲಿನ ಮೂಲನಾಳವು ಬಹಳ ಗಿಡ್ಡ. ಸಾಮಾನ್ಯವಾಗಿ 1 ಸೆಂಟಿಮೀಟರಿನಷ್ಟು ಸಾಗಿ ಎರಡಾಗಿ ಒಡೆಯುತ್ತದೆ. ಒಂದು ಹೃದಯವನ್ನು ಎಡಬದಿಯಿಂದ ಬಳಸಿ ಹಿಂದಕ್ಕೆ ಹೋಗುವುದು. ಮತ್ತೊಂದು ಎರಡು ಹೃತ್ಕುಕ್ಷಿಗಳ ನಡುವಣ ತೋಡಿನಲ್ಲಿ ಮುಂಬದಿಯಿಂದ ಕೆಳಗಿಳಿದು ಹೃದಯದ ತುದಿಯನ್ನು ಮುಟ್ಟುವುದು. ಮುಂಬದಿಯ ಈ ಇಳಿಧಮನಿಯೇ ಇಂದಿನ ನಮ್ಮ ವಿಷಯ. ಎಡ ಹೃತ್ಕುಕ್ಷಿಯ ಮುಂಗೋಡೆಯೂ, ನಡುಗೋಡೆಯ ಮೂರರಲ್ಲಿ ಎರಡು ಪಾಲೂ ಇದನ್ನೇ ನಂಬಿವೆ. ಇಷ್ಟು ಹೊಣೆ ಹೊತ್ತ ಈ ನಾಳದ ಅಗಲವಾದರೋ ಮೇಲ್ತುದಿಯಲ್ಲಿಯೂ 3-4 ಮಿಲಿಮೀಟರು ಮಾತ್ರ. ನಮ್ಮ ತೋಟದ ಒಂದು ಮೆಣಸುಕಾಳು ಉರುಳುವಷ್ಟೂ ದಾರಿ ಅದರಲ್ಲಿಲ್ಲ.

ಇನ್ನೊಂದು ವಿಶೇಷವುಂಟು. ಎಡ ಹೃತ್ಕುಕ್ಷಿಯು ಬಿಗಿಯಾಗಿ ಸಂಕುಚಿಸಿದಾಗ ಅದರ ಗೋಡೆಯೊಳಗಿನ ಸಣ್ಣ ನಾಳಗಳು ಅಮುಕಿಹೋಗುವುವು. ಆದುದರಿಂದ ಹೃದಯವು ತನ್ನ ಆಹಾರದ ಬಹುಪಾಲನ್ನು ಪಡೆಯುವುದು ಎರಡು ಮಿಡಿತಗಳ ನಡುವಣ ವಿರಾಮದಲ್ಲಿ. ಇತರರಿಗೆ ಉಣಬಡಿಸುವಾಗ ತಾನು ಉಣ್ಣಲಾರದು.

ವಯಸ್ಸು, ತಂಬಾಕು, ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಕೊಬ್ಬು ಇವುಗಳ ದೆಸೆಯಿಂದ ನಾಳದ ಒಳಗೋಡೆಯಲ್ಲಿ ಜಿಡ್ಡು ಕಟ್ಟುವುದು. ಒಂದು ದಿನ ಆ ಜಿಡ್ಡಿನ ಮೇಲ್ಪದರ ಬಿರಿದು, ಅಲ್ಲಿ ರಕ್ತವು ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುವುದು. ಇದೇ ಹೃದಯಾಘಾತ. ಪೂರ್ಣವಾಗಿ ಮುಚ್ಚಿದ ಅರ್ಧ ಗಂಟೆಯೊಳಗಾಗಿಯೇ ಮಾಂಸವು ಒಳಮೈಯಿಂದ ಸಾಯಲಾರಂಭಿಸಿ, ಕೆಲವೇ ಗಂಟೆಗಳಲ್ಲಿ ಹೊರಮೈವರೆಗೂ ಹಬ್ಬುವುದು. ಸತ್ತ ಭಾಗವು ಮರಳಿ ಚಿಗುರದು.

ಕೆಲವು ವರ್ಷಗಳ ಕೆಳಗೆ, ಕಾಫಿ ಕೊಯ್ಲಿನ ದಿನಗಳಲ್ಲಿ, ಈ ಸೀಮೆಯ ಹಿರಿಯರೊಬ್ಬರಿಗೆ ಸಂಜೆ ಎದೆ ಬಿಗಿದು ಬೆವರಿಳಿಯಿತು. ವಾಯುವೆಂದು ಬಗೆದು ಜೀರಿಗೆ ಕಷಾಯ ಕುಡಿದು ಮಲಗಿದರು. ಮನೆಯವರನ್ನು ರಾತ್ರಿಯಲ್ಲಿ ಎಬ್ಬಿಸುವುದೇಕೆಂಬ ಸಂಕೋಚ ಬೇರೆ. ಮರುದಿನ ನನ್ನ ಬಳಿಗೆ ಬರುವಷ್ಟರಲ್ಲಿ ಇಳಿಧಮನಿಯ ಸೀಮೆಯೆಲ್ಲ ಹಾಳಾಗಿದ್ದಿತು. ಜೀವವೇನೋ ಉಳಿಯಿತು, ಆದರೆ ತಾವೇ ನೆಟ್ಟ ತೋಟದ ಏರನ್ನು ಅವರು ಮತ್ತೆ ಹತ್ತಲಿಲ್ಲ. ಆ ಸಂಕೋಚವನ್ನು ನೆನೆದಾಗ ನನಗೆ ಇಂದಿಗೂ ವ್ಯಥೆಯಾಗುತ್ತದೆ.

ಮುಚ್ಚಿದ ನಾಳವನ್ನು ತೆರೆಯುವ ಉಪಾಯ ಇಂದು ಉಂಟು. 1977ರಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ಎಚ್ಚರವಾಗಿದ್ದ ರೋಗಿಯೊಬ್ಬನ ಕಿರೀಟಧಮನಿಯನ್ನು ಪುಟ್ಟ ಬಲೂನಿನಿಂದ ಮೊದಲ ಬಾರಿಗೆ ಹಿಗ್ಗಿಸಿದರು. ಅಂದು ಹಿಗ್ಗಿಸಿದುದು ಈ ಇಳಿಧಮನಿಯನ್ನೇ. ಆದರೆ ಅಂತಹ ಚಿಕಿತ್ಸೆಗಾಗಿ ನಾವು ದೂರದ ನಗರವನ್ನು ಸೇರಬೇಕು. ಮಂಗಳೂರಿಗೆ ಚಾರ್ಮಾಡಿಯನ್ನಿಳಿಯಬೇಕು, 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ದಾರಿಯೇ ಕಟ್ಟಿಹೋದುದನ್ನು ತಾವು ಮರೆತಿಲ್ಲ. ಆದುದರಿಂದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಮೀಪದಲ್ಲಿಯೇ ಪಡೆದು, ಬಳಿಕ ಮುಂದಿನ ದಾರಿ ಹಿಡಿಯುವುದು ನಮ್ಮಂತಹ ಊರಿನವರಿಗೆ ಹಲವು ವೇಳೆ ಶ್ರೇಯಸ್ಕರ. ಚಿತ್ರದುರ್ಗದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನು ಹೊತ್ತ ಬೆಂಗಳೂರಿನ ಹೃದ್ರೋಗ ಸಂಸ್ಥೆಯನ್ನು ಕೇಂದ್ರವಾಗುಳ್ಳ ಹೃದಯಜ್ಯೋತಿ ಯೋಜನೆಯನ್ನು ರಾಜ್ಯ ಸರ್ಕಾರವು 2023ರಲ್ಲಿ ಆರಂಭಿಸಿತು. ನಟ ಪುನೀತ್ ರಾಜ್‌ಕುಮಾರರು 2021ರಲ್ಲಿ, 46ನೆಯ ವಯಸ್ಸಿನಲ್ಲಿ ಅಗಲಿದರಷ್ಟೆ; ಅವರ ನೆನಪಿನ ಯೋಜನೆಯಿದು. ಇದರಂತೆ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ ಹೇಳುವರು. ಆ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುವುದು.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ಎದೆಯ ನಡುವೆ ಒತ್ತಿದಂತಾದರೆ, ನೋವು ತೋಳಿಗೋ ದವಡೆಗೋ ಬೆನ್ನಿಗೋ ಹರಡಿದರೆ, ಬೆವರು, ಏದುಸಿರು ಕಂಡರೆ ಕಾಯಬೇಡಿರಿ. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ನೋವಿಲ್ಲದೆ ಬರಿಯ ಆಯಾಸವೇ ಕಾಣಿಸಬಹುದು. ತಾವೇ ವಾಹನ ನಡೆಸದೆ 108ಕ್ಕೆ ಕರೆಮಾಡಿರಿ. ಇ.ಸಿ.ಜಿ.ಯೂ ಚುಚ್ಚುಮದ್ದೂ ಹತ್ತಿರದಲ್ಲಿ ಎಲ್ಲಿ ದೊರೆಯುವುವೆಂಬುದನ್ನು ಆರೋಗ್ಯವಾಗಿರುವ ಇಂದೇ ವಿಚಾರಿಸಿ, ಮನೆಯವರಿಗೂ ಲೈನಿನ ಕೂಲಿಯವರಿಗೂ ತಿಳಿಸಿಡಿರಿ.

ಬೆಳಗಾಗಲೆಂದು ನಾವು ಕಾಯಬಹುದು. ಮುಚ್ಚಿದ ನಾಳ ಕಾಯಲಾರದು. ಅರ್ಧರಾತ್ರಿಯಲ್ಲಿ ಮನೆಯವರನ್ನು ಎಬ್ಬಿಸುವುದು ತೊಂದರೆ ಕೊಟ್ಟಂತಲ್ಲ, ಅವರಿಗೆ ಮಾಡುವ ಉಪಕಾರ.