ಮರಿ ಅಗಲಿದ ತಾಯಿಗುದುರೆ



ಕುಣಿಗಲ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಅಲ್ಲಿನ ಕೆರೆ, ಕೆರೆಯ ಮೇಲಿನ ಜನಪದ ಗೀತೆ. ಬೆಂಗಳೂರಿನಿಂದ ನೆಲಮಂಗಲ ದಾಟಿ ಪಡುವಣಕ್ಕೆ ಹೋದರೆ ಸಿಗುವ ಆ ಊರು ಇನ್ನೊಂದು ಕಾರಣಕ್ಕೂ ಹೆಸರಾದುದು. ಟಿಪ್ಪು ಸುಲ್ತಾನನ ಕಾಲದಿಂದ ಅಲ್ಲಿ ಕುದುರೆಗಳನ್ನು ಸಾಕಿದ್ದಾರೆ. ದಂಡಿನ ಕುದುರೆಗಳ ಕಾಲ ಮುಗಿದು ಪಂದ್ಯದ ಕುದುರೆಗಳ ಕಾಲ ಬಂತು. 1992ರಲ್ಲಿ ಸರ್ಕಾರ ಆ ಕ್ಷೇತ್ರವನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಿತು. ಪಂದ್ಯದಲ್ಲಿ ಗೆದ್ದ ಕುದುರೆಯ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ಹೆತ್ತವಳ ಸುದ್ದಿ ಬರುವುದಿಲ್ಲ. ಪಶುವೈದ್ಯನಾಗಿ ಈ ಸೀಮೆಯಲ್ಲಿ ಬಹುಕಾಲ ತಿರುಗಿದ ನಾನು ಆ ತಾಯಿಯ ವಿಷಯವಾಗಿ, ಅದರಲ್ಲೂ ಮರಿಗೆ ಹಾಲು ಬಿಡಿಸಿದ ಮೇಲಿನ ಅವಳ ದಿನಗಳ ವಿಷಯವಾಗಿ ಹೇಳಬಯಸುತ್ತೇನೆ.

ಪಂದ್ಯದ ತಳಿಯ ಮರಿಗಳಿಗೆಲ್ಲ ನಮ್ಮಲ್ಲಿ ವಯಸ್ಸು ಏರುವುದು ಜನವರಿ 1ರಂದು. ಆದಕಾರಣ ವರ್ಷದ ಮೊದಲ ತಿಂಗಳುಗಳಲ್ಲೇ ಮರಿ ಹುಟ್ಟಲೆಂಬ ಆತುರ. ಐದಾರು ತಿಂಗಳಿಗೆ ಹಾಲು ಬಿಡಿಸುವ ಹೊತ್ತಿಗೆ ಆಷಾಢ, ಶ್ರಾವಣ. ಎಲ್ಲೆಲ್ಲೂ ಎಳೆಯ ಹಸುರು. ತಾಯಿ ಬಹುಮಟ್ಟಿಗೆ ಮತ್ತೆ ಗಬ್ಬವಾಗಿರುತ್ತಾಳೆ. ಒಂದು ಮರಿ ಕೂಗುತ್ತಿರುವಾಗಲೇ ಇನ್ನೊಂದು ಒಳಗೆ ಬೆಳೆಯುತ್ತಿರುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನೆಲಮಂಗಲದ ಆಚೆಯ ಒಂದು ಲಾಯದಿಂದ ಕರೆ ಬಂತು. ಮರಿಯನ್ನು ಅಗಲಿಸಿ ಎರಡು ದಿನವಾಗಿತ್ತು. ಕಂದುಬಣ್ಣದ ಕುದುರೆ ಬೇಲಿಯ ಉದ್ದಕ್ಕೂ ಓಡಾಡಿ ಕೆನೆಯುತ್ತಿತ್ತು. ಕೆಚ್ಚಲು ಬಿಗಿದು ಹೊಳೆಯುತ್ತಿತ್ತು. ಅದನ್ನು ಕಂಡು ನನ್ನ ಮನಸ್ಸು ಕರಗಿತು. ಹಾಲು ಕರೆದುಬಿಡಿ ಎಂದೆ. ಲಾಯದ ಮುದುಕ ಮಾತ್ರ ಕೈ ಅಡ್ಡ ಹಿಡಿದು, "ಮುಟ್ಟಬೇಡಿ ಸ್ವಾಮಿ, ಕರೆದಷ್ಟೂ ಬರ್ತದೆ," ಎಂದ. ಓದಿ ಬಂದವನಿಗೆ ಆ ಮಾತು ರುಚಿಸಲಿಲ್ಲ. ಕರೆಸಿದೆ; ಮರುದಿನವೂ ಕರೆಸಿದೆ.

ಮುದುಕನ ಮಾತೇ ಸರಿ. ಕೆಚ್ಚಲಲ್ಲಿ ನಿಂತ ಹಾಲಿನ ಒತ್ತಡವೇ ಹೊಸ ಹಾಲು ಊರದಂತೆ ತಡೆಯುತ್ತದೆ. ಬಿಗಿತ ಕೆಲವು ದಿನ ಇದ್ದು, ಸುಮಾರು ವಾರ ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಅಷ್ಟು ದಿನ ಕಾಳನ್ನು ನಿಲ್ಲಿಸಿ ಇಲ್ಲವೆ ತೀರ ಕಡಿಮೆ ಮಾಡಿ, ಒಣಹುಲ್ಲು ಹಾಕಿ, ಬಯಲಿನಲ್ಲಿ ನಡೆದಾಡಲು ಬಿಡಬೇಕು. ನೀರನ್ನು ಮಾತ್ರ ಎಂದಿಗೂ ತಡೆಯಬಾರದು. ಕೆಚ್ಚಲನ್ನು ದಿನವೂ ನೋಡಬೇಕು: ಒಂದು ಕಡೆ ಮಾತ್ರ ಬಿಸಿಯಾಗಿ ಗಟ್ಟಿಯಾದರೆ, ಜ್ವರ ಬಂದರೆ, ಅದು ಕೆಚ್ಚಲು ಬಾವು, ಆಗ ವೈದ್ಯನೇ ಬೇಕು. ನನ್ನ ಕುದುರೆಗೆ ಬಂದದ್ದು ಅದೇ. ಐದನೆಯ ದಿನ ಎಡಗಡೆಯ ಭಾಗ ಕಲ್ಲಿನಂತಾಗಿತ್ತು. ಔಷಧದಿಂದ ಜ್ವರ ಇಳಿಯಿತು, ಗಂಟು ಕರಗಲಿಲ್ಲ.

ಕೆಚ್ಚಲು ಬತ್ತಿದ ಮೇಲೆ ಮೇವಿನ ವಿಚಾರ. ಐನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ ಎಂಟರಿಂದ ಹತ್ತು ಕಿಲೋ ಒಣಮೇವಿನ ಲೆಕ್ಕ. ಹಾಲೂಡುವಾಗ ಕೊಡುತ್ತಿದ್ದ ಓಟ್ಸು, ಬೇಯಿಸಿದ ಹುರುಳಿ, ಬೂಸಗಳನ್ನು ಅದೇ ಪ್ರಮಾಣದಲ್ಲಿ ಮುಂದುವರಿಸಿದರೆ ಮೈ ಕೊಬ್ಬುತ್ತದೆ, ಗೊರಸಿನೊಳಗೆ ಉರಿಯೂತವೂ ಬರಬಹುದು. ಕುದುರೆಮಸಾಲೆ ಎಂಬ ಸೊಪ್ಪಿದೆಯಲ್ಲ, ಹೆಸರಿನಲ್ಲಿ ಕುದುರೆ ಇದೆಯೆಂದು ಅದನ್ನು ಮನಬಂದಂತೆ ಸುರಿಯುವವರನ್ನು ಕಂಡಿದ್ದೇನೆ. ಆ ದಿನಗಳಿಗೆ ಅದು ಅತಿಯಾದ ಪುಷ್ಟಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು. ಮರಿಯೂಡಿ ಸೊರಗಿದವಳಿಗೆ ಮಾತ್ರ ಕಾಳನ್ನು ಮೆಲ್ಲಮೆಲ್ಲನೆ ಏರಿಸಿ ಮೈ ತುಂಬಿಸಬೇಕು. ಅದಕ್ಕೆ ಇದಕ್ಕಿಂತ ಒಳ್ಳೆಯ ಬಿಡುವು ವರ್ಷದಲ್ಲಿ ಇನ್ನಿಲ್ಲ. ಹೊಟ್ಟೆಯ ಮರಿ ಭರದಿಂದ ಬೆಳೆಯುವುದು ಹನ್ನೊಂದು ತಿಂಗಳ ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಕಾಳಿನ ಬುಟ್ಟಿ ಮತ್ತೆ ತುಂಬಬೇಕಾದುದು ಆಗ. ನಡುವೆ ಗೊರಸು ಕೆತ್ತಿಸುವುದು, ಹಲ್ಲು ನೋಡಿಸುವುದು, ಜಂತಿನ ಔಷಧ ಇವೆಲ್ಲ ಇದ್ದೇ ಇವೆ.

ಕುದುರೆಯ ಚಿಕಿತ್ಸೆಯ ಬಗೆಗೆ ಕನ್ನಡದಲ್ಲಿ ಬಹು ಹಿಂದೆಯೇ ಅಭಿನವಚಂದ್ರನೆಂಬ ಕವಿ 'ಅಶ್ವವೈದ್ಯ'ವನ್ನು ಬರೆದ. ಅವನ ಹೆಸರನ್ನು ನಾನು ತಿಳಿದದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳ ಮೇಲೆ. ಲಾಯದ ಮುದುಕನಿಗೆ ಓದು ಬರುತ್ತಿರಲಿಲ್ಲ.

ಮುಂದಿನ ಫೆಬ್ರವರಿಯಲ್ಲಿ ಆ ಕುದುರೆ ಮರಿ ಹಾಕಿತು. ನೋಡಲು ಹೋದೆ. ಕುದುರೆಗೆ ಇರುವುದು ಎರಡೇ ಮೊಲೆ. ಮರಿ ಎಡಗಡೆಯದನ್ನು ಹಿಡಿದು ಚೀಪಿತು, ಮೂತಿಯಿಂದ ಗುದ್ದಿತು, ಮತ್ತೆ ಚೀಪಿತು. ಮುದುಕ ಏನೂ ಅನ್ನದೆ ಅದರ ಕತ್ತು ಹಿಡಿದು ಬಲಗಡೆಗೆ ತಿರುಗಿಸಿದ. ಆಮೇಲೆ ಬಾಟಲಿಯಲ್ಲಿ ಹಾಲು ಬೆರೆಸಲು ಒಳಗೆ ಹೋದ.